ಗ್ಯಾನಪ್ಪಣ್ಣನ ಬುಲೆಟ್ಟು, ಜವಳಗೇರಾದ ಜಲಪಾತ

ಎಲ್ಲರೂ ಕೇಳಿಸಿಕೊಳ್ಳಿ, ನಾನು ಸುಕನ್ಯಾ. ಮಧ್ಯೆ ಮಧ್ಯೆ ಹಾರ್ನ್ ಕೇಳಿಸಿದರೆ ಬೈಯಬೇಡಿ, ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ, ಸಿಂಧನೂರಿನ ಬಸ್ಸು ಇನ್ನೂ ಬಂದಿಲ್ಲ. ನಿನ್ನೆ ಯಾರೋ ಹಳೆಯ ಫೋಟೊವೊಂದನ್ನು ಹಾಕಿದಾಗಿನಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಗ್ಯಾನಪ್ಪಣ್ಣ ಬುಲೆಟ್ ಯಾವಾಗ ತಗೊಂಡ? ಒಬ್ಬೊಬ್ಬರಿಗೆ ಹೇಳಿ ಗಂಟಲು ಹರಿದುಕೊಳ್ಳುವುದಕ್ಕಿಂತ ಒಂದೇ ಸಲ ಹೇಳಿಬಿಡುತ್ತೇನೆ. ಪದ್ಮಾವತಿ, ನಿನಗೆ ಕಿವಿ ಕೇಳುವುದಿಲ್ಲ ಅನ್ನೋದು ನನಗೆ ಮರೆತಿಲ್ಲ. ಇದನ್ನೆಲ್ಲ ಬರೆದೂ ಹಾಕುತ್ತೇನೆ. ಬರೆಯುವಾಗ ನನ್ನ ಮಾತು ಸ್ವಲ್ಪ ಪುಸ್ತಕದ ಹಾಗೆ ಆದರೆ ನಗಬೇಡ.

ಗ್ಯಾನಪ್ಪಣ್ಣ ನನ್ನ ದೊಡ್ಡಪ್ಪನ ಮಗ, ಇದೇ ಮಸ್ಕಿಯವನು. ಚಿಕ್ಕವನಿದ್ದಾಗ ಬಂದ ಜ್ವರವೊಂದು ಅವನ ಎರಡೂ ಕಣ್ಣು ತೆಗೆದುಕೊಂಡು ಹೋಯಿತು. ಈಗ ಲಿಂಗಸುಗೂರಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ಫೋನ್ ಎತ್ತುವ ಕೆಲಸ. ದಿನಾ ಬೆಳಿಗ್ಗೆ ಬಿಳಿ ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಂಡು, ಬಸ್ಸು ಹತ್ತಿ, ಕಂಡಕ್ಟರನ ಜೊತೆ ಜಗಳ ಮಾಡಿಕೊಂಡೇ ಹೋಗುತ್ತಾನೆ. ಜಗಳ ಎಂದರೆ ಕ್ರಿಕೆಟ್ಟಿನದು. ಸಂಜೆ ಬರುವಾಗ ಬಸ್ ಸ್ಟ್ಯಾಂಡಿನ ಎದುರು ಮಿರ್ಚಿ ಭಜಿ ತಿನ್ನದೆ ಮನೆಗೆ ಬರುವುದು ಅಪರೂಪ.

ಅವನ ಫೋನು ಮಾತಾಡುವ ಫೋನು. ಪರದೆಯ ಮೇಲೆ ಬೆರಳು ಸರಿಸಿದರೆ ಅಲ್ಲಿ ಏನಿದೆಯೋ ಅದನ್ನು ಓದಿ ಹೇಳುತ್ತದೆ. ಆದರೆ ಆಗೆಲ್ಲ ಅವನು ಅದರ ವೇಗವನ್ನು ಎಷ್ಟು ಏರಿಸಿಟ್ಟಿದ್ದ ಎಂದರೆ, ನಮಗೆ ಕೇಳುತ್ತಿದ್ದುದು ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು ಅಷ್ಟೇ. ಅವನಿಗೆ ಮಾತ್ರ ಎಲ್ಲ ತಿಳಿಯುತ್ತಿತ್ತು. "ಸ್ವಲ್ಪ ನಿಧಾನ ಇಡಣ್ಣ, ನಮಗೂ ಕೇಳಲಿ" ಅಂದರೆ, "ನಿಮಗ ಕೇಳಬಾರದಂತನ ಇಟ್ಟೀನಿ" ಅನ್ನುತ್ತಿದ್ದ.

ಹೋದ ವರ್ಷ ಅವನ ಮದುವೆಯ ಮಾತು ಶುರುವಾಯಿತು. ಗಲಾಟೆಯೂ ಅಲ್ಲಿಂದಲೇ.

ಸಿಂಧನೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರುವ ಮಲ್ಲೇಶ ನಮ್ಮ ಬಳಗದವನೇ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಹೊಸ ಟ್ರ್ಯಾಕ್ಟರ್ ತಂದ ಖುಷಿ, ಯಾವುದಕ್ಕೂ ಅವನ ಫ್ಲೆಕ್ಸ್ ಬೇಕು. ಅವನು ಯೂಟ್ಯೂಬ್ ನೋಡಿ ಕಲಿತು, ಬಳಗದಲ್ಲಿ ಕನ್ಯಾ ವರ ಹುಡುಕುವವರಿಗೆಂದು ಒಂದು ವೆಬ್‌ಸೈಟ್ ಮಾಡಿದ. ಒಳ್ಳೆಯ ಕೆಲಸವೇ. ಆದರೆ ಫ್ಲೆಕ್ಸ್ ಮಾಡಿ ರೂಢಿಯಾದ ಕೈ ಅಲ್ಲಿಯೂ ಫ್ಲೆಕ್ಸನ್ನೇ ಮಾಡಿತು. ಪ್ರತಿಯೊಂದು ಬಯೋಡಾಟಾದ ಮೇಲೆ ಗಣಪತಿ, ಎರಡೂ ಬದಿಗೆ ನವಿಲು, ಕೆಳಗೆ ಗುಲಾಬಿ, ಪಕ್ಕದಲ್ಲಿ 'ಶುಭ ಕೋರುವವರು' ಎಂದು ಹಿರಿಯರ ಮುಖಗಳ ಸಾಲು. ಕೆಂಪಿನ ಮೇಲೆ ಬಂಗಾರದ ಅಕ್ಷರ. ಹೆಸರು, ಊರು, ಓದು, ಎತ್ತರ, ಎಲ್ಲವೂ ಆ ಚಿತ್ರದ ಒಳಗೇ ಅಚ್ಚು ಹೊಡೆದಂತೆ ಕೂತಿದ್ದವು. ನೋಡುವವರಿಗೆ ಅವು ಅಕ್ಷರ. ಓದುವ ಫೋನಿಗೆ ಅದೆಲ್ಲ ಸೇರಿ ಬರೀ ಒಂದು ಚಿತ್ರ.

ಗ್ಯಾನಪ್ಪಣ್ಣ ಮೊದಲ ಸಲ ಆ ಪೇಜು ತೆರೆದಾಗ ನಾನು ಪಕ್ಕದಲ್ಲೇ ಇದ್ದೆ. ಅವತ್ತು ನನಗಾಗಿ ವೇಗ ಇಳಿಸಿದ್ದ. ಫೋನು ಹೇಳಿತು: "ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಚಿತ್ರ. ಹೆಸರಿಲ್ಲದ ಬಟನ್."

"ಯಾಕಬೇ ಸುಕನ್ಯಾ, ನಮ್ಮ ಬಳಗದಾಗ ಎಲ್ಲಾ ಹುಡುಗ್ಯಾರಿಗೂ ಚಿತ್ರಾ ಅಂತನ ಹೆಸರಿಟ್ಟಾರೇನು?" ಅಂದ.

ಅವನಿಗೆ ಓದಿ ಹೇಳುವ ಕೆಲಸ ಹನುಮಂತರಾಯ ಮಾವ ತೆಗೆದುಕೊಂಡ. ಅವನು ಗ್ಯಾನಪ್ಪಣ್ಣನ ಸೋದರಮಾವ, ಮನೆಯ ಹಿರಿಯ. ಮಾವನ ಓದು ಹೊಲದಿಂದ ಶುರುವಾಗಿ ಹೊಲದಲ್ಲೇ ಮುಗಿಯುತ್ತಿತ್ತು.

"ಇದೊಂದು ಐತಿ ನೋಡಲೇ. ಭತ್ತದ ಗದ್ದಿ, ಕಾಲುವಿ ಬಾಜೂಕನ ಐತಿ. ಬರೋಬ್ಬರಿ ಐತಿ."

"ಹುಡುಗಿ ಹೆಂಗದಾಳ ಮಾವಾ?"

"ಹೇಳಿದ್ನಲ್ಲಲೇ, ಕಾಲುವಿ ಬಾಜೂಕ ಅಂತ."

ಹೀಗೇ ಓದುತ್ತ ಓದುತ್ತ ಮಾವ ಒಂದು ರೈಸ್ ಮಿಲ್ಲಿನವರ ಮನೆಯ ಮೇಲೆ ಕಣ್ಣಿಟ್ಟ. ಹುಡುಗಿಯ ಬಗ್ಗೆ ಏನು ಕೇಳಿದರೂ ಮಿಲ್ಲಿನ ಬಗ್ಗೆ ಉತ್ತರ ಬರುತ್ತಿತ್ತು. ಕೊನೆಗೆ ಒಂದು ದಿನ ಊಟಕ್ಕೆ ಕೂತಾಗ ಗ್ಯಾನಪ್ಪಣ್ಣ ತಾಟು ಸರಿಸಿದ.

"ಮಾವಾ, ಬಾಳೇ ಮಾಡಾವ ನಾ. ಹಂಗಿದ್ದಮ್ಯಾಲ ಓದಾವನೂ ನಾನ ಆಗಬೇಕಲ್ಲ? ಎಲ್ಲಾರ್ದೂ ನಾನ ಓದತೀನಿ, ನಾನ ಆರಿಸ್ತೀನಿ."

"ಓದಪ್ಪಾ, ಯಾರು ಬ್ಯಾಡಂದಾರ? ಕಾರಹುಣ್ಣಿವಿ ತನಕ ಟೈಮ್ ಐತಿ. ಅಷ್ಟ್ರಾಗ ನೀ ಒಂದು ಹುಡುಕಿದಿ ಅಂದ್ರ ನಿಂದ ಮಾತು. ಇಲ್ಲಂದ್ರ ನಾ ಮಿಲ್ಲಿನವ್ರಿಗೆ ಮಾತು ಕೊಟ್ಟು ಬಿಡಾವ. ಆಮ್ಯಾಲ ಕಿಟಿಕಿಟಿ ಮಾಡಬಾರ್ದು."

"ಆತು, ಮಾಡಂಗಿಲ್ಲ."

ಮಾವ ನಕ್ಕುಬಿಟ್ಟ. ಆ ಚಿತ್ರಗಳನ್ನು ಇವನು ಹೇಗೆ ಓದುತ್ತಾನೆ ಎಂಬ ಧೈರ್ಯ ಅವನಿಗೆ.

ಆ ಭಾನುವಾರವೇ ನಾವಿಬ್ಬರೂ ಸಿಂಧನೂರಿಗೆ ಹೋದೆವು. ಮಲ್ಲೇಶ ಒಬ್ಬ ಪುಢಾರಿಯ ಕೊರಳಿಗೆ ಕಂಪ್ಯೂಟರಿನಲ್ಲೇ ಬಂಗಾರದ ಸರ ಹಾಕುತ್ತ ಕೂತಿದ್ದ.

"ಬಾ ಅಣ್ಣಾ, ಕುಂದ್ರು. ಯಾರದು ಬರ್ತ್‌ಡೇ?"

"ಬರ್ತ್‌ಡೇ ಅಲ್ಲಲೇ. ನಿನ್ನ ಪೇಜು ನನಗ ಓದಾಕ ಬರವಲ್ತು."

"ನೆಟ್ ಸ್ಲೋ ಐತೇನು?"

"ನೆಟ್ ಓಡಾಕತ್ತೈತಿ. ನೀನ ಸ್ಲೋ ಅದಿ."

ಎಷ್ಟು ಬಿಡಿಸಿ ಹೇಳಿದರೂ ಮಲ್ಲೇಶನಿಗೆ ತಿಳಿಯಲಿಲ್ಲ. "ಅಷ್ಟು ದೊಡ್ಡ ಅಕ್ಷರ ಹಾಕೀನಲ್ಲಣ್ಣಾ, ರೋಡಿಗೆ ನಿಂತ್ರೂ ಕಾಣ್ತಾವು!" ಎಂದು ಅವನದೇ ಹಟ. ಆಗ ಗ್ಯಾನಪ್ಪಣ್ಣ ಅವನ ಕೊರಳಲ್ಲಿದ್ದ ಟವೆಲ್ಲನ್ನೇ ಎಳೆದು ಅವನ ಕಣ್ಣಿಗೆ ಕಟ್ಟಿದ. ತನ್ನ ಫೋನಿನ ವೇಗ ಇಳಿಸಿ ಕೈಗೆ ಕೊಟ್ಟ.

"ನಿನ್ನ ಪೇಜಿನ್ಯಾಗ ಒಂದ ಒಂದು ಕನ್ಯಾ ಹುಡುಕು. ಸಿಕ್ಕರ ಚಾ ನಂದು."

ಮಲ್ಲೇಶ ಬೆರಳು ಸರಿಸಿದ. "ಚಿತ್ರ." ಮತ್ತೆ ಸರಿಸಿದ. "ಚಿತ್ರ. ಹೆಸರಿಲ್ಲದ ಬಟನ್." ಸಿಟ್ಟು ಬಂದು ಆ ಬಟನ್ನನ್ನೇ ಎರಡು ಸಲ ಒತ್ತಿದ. ಫೋನು ಎಲ್ಲಿಗೋ ಹೋಯಿತು. ಅತ್ತ ಕಡೆಯಿಂದ ಗಟ್ಟಿ ದನಿ:

"ಹಲೋ, ಯಾರ್ರೀ? ಬಯೋಡಾಟಾ ನೋಡಿ ಮಾಡೀರೇನ್ರಿ? ವರ ನಮ್ಮ ಅಳಿಯಾ ಆಗ್ಬೇಕ್ರಿ, ಬ್ಯಾಂಕಿನ್ಯಾಗ ಅದಾನ. ನಿಮ್ಮ ಕನ್ಯಾ ಏನ್ ಓದ್ಯಾಳ್ರಿ?"

ಹನುಮಂತರಾಯ ಮಾವ! ಯಾರ ನಂಬರು ಎಂದು ನೋಡದೆಯೇ ಫೋನ್ ಎತ್ತುವುದು ಅವನ ರೂಢಿ. ಗ್ಯಾನಪ್ಪಣ್ಣನ ಬಯೋಡಾಟಾಕ್ಕೆ ಮಾವ ತನ್ನ ನಂಬರನ್ನೇ ಕೊಟ್ಟಿದ್ದ. ಕಣ್ಣಿಗೆ ಟವೆಲ್ ಕಟ್ಟಿಕೊಂಡೇ ಮಲ್ಲೇಶ ತೊದಲಿದ.

"ಡಿ... ಡಿಪ್ಲೊಮಾ ರೀ."

"ಛಲೋ ಆತ್ರಿ. ಹೊಲ ಎಷ್ಟೈತ್ರಿ?"

"ರಾಂಗ್ ನಂಬರ್ ರೀ ಮಾವಾ!"

"ರಾಂಗ್ ನಂಬರ್ ಆದ್ರ ನಾ ಮಾವ ಅಂತ ನಿನಗ ಹೆಂಗ ಗೊತ್ತಾತಲೇ?"

ಮಲ್ಲೇಶ ಫೋನನ್ನು ಬಿಸಿ ಕೆಂಡದ ಹಾಗೆ ನನ್ನ ಮಡಿಲಿಗೆ ಎಸೆದ. ನಾನು ಕಟ್ ಮಾಡಿದೆ. ಗ್ಯಾನಪ್ಪಣ್ಣ ನಕ್ಕು ನಕ್ಕು ಕುರ್ಚಿಯಿಂದ ಕೆಳಗೆ ಜಾರಿ ಕೂತಿದ್ದ. ಮಲ್ಲೇಶ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

"ದಿನಾ ಹಿಂಗ ಆಗ್ತೈತೇನಣ್ಣಾ ನಿನಗ?"

"ದಿನಾ ಮಾವ ಎತ್ತಂಗಿಲ್ಲ. ಉಳಿದಿದ್ದೆಲ್ಲಾ ಹಿಂಗ."

ಅವತ್ತಿನಿಂದ ಮಲ್ಲೇಶ ಕೆಲಸಕ್ಕೆ ಬಿದ್ದ. ಅಕ್ಷರಗಳನ್ನು ಚಿತ್ರದಿಂದ ಹೊರಗೆ ತಂದು ಅಕ್ಷರವಾಗಿಯೇ ಟೈಪ್ ಮಾಡಿದ. ಪ್ರತಿ ಬಟನ್ನಿಗೆ ಹೆಸರಿಟ್ಟ. ಬಂಗಾರದ ಅಕ್ಷರ ತೆಗೆದು ಬಿಳಿ ಮೇಲೆ ಕಪ್ಪು ಹಾಕುವಾಗ ಮಾತ್ರ ಅವನ ಮುಖ ನೋಡಲಾಗುತ್ತಿರಲಿಲ್ಲ, ಹೆತ್ತ ಮಗಳ ಒಡವೆ ಬಿಚ್ಚುವವನ ಹಾಗೆ ಕೂತಿದ್ದ. ಆದರೆ ಮರುದಿನದಿಂದಲೇ ಊರೂರಿನ ಮುದುಕರು ಫೋನ್ ಮಾಡಿ, "ಈಗ ಚಾಳೀಸು ಇಲ್ಲದನ ಓದಾಕ ಬರಾಕತ್ತೈತಿ ನೋಡೋ ತಮ್ಮಾ" ಎಂದು ಹೊಗಳಿದ ಮೇಲೆ ಸಮಾಧಾನವಾದ.

ಇನ್ನು ಉಳಿದದ್ದು ಫೋಟೊ. ಪ್ರತಿ ಫೋಟೊದ ಹಿಂದೆ ಅದರಲ್ಲಿ ಏನಿದೆ ಎಂದು ಒಂದು ಸಾಲು ಬರೆದಿಡಬಹುದು. ಅದು ನೋಡುವವರಿಗೆ ಕಾಣಿಸುವುದಿಲ್ಲ, ಓದುವ ಫೋನಿಗೆ ಮಾತ್ರ ಸಿಗುತ್ತದೆ. ಮಲ್ಲೇಶ ಒಂದೇ ದಿನದಲ್ಲಿ ಎಲ್ಲ ಹುಡುಗಿಯರ ಫೋಟೊಕ್ಕೂ 'ಲಕ್ಷಣವಾದ ಕನ್ಯಾ' ಎಂದು ಬರೆದು ಮುಗಿಸಿದ.

"ಲೇ ಮಲ್ಲ್ಯಾ, ಮೊದಲು ಎಲ್ಲಾರೂ ಚಿತ್ರಾ ಇದ್ರು. ಈಗ ಎಲ್ಲಾರೂ ಲಕ್ಷಣ ಆಗ್ಯಾರ. ನನಗೇನು ಫಾಯಿದಾ ಆತು?"

"ಮತ್ತೇನು ಬರೀಲಿ? ಮಂದಿ ಮನಿ ಹೆಣ್ಣಮಕ್ಕಳ ಬಗ್ಗೆ ನಾ ಹೆಚ್ಚೂಕಡಿಮಿ ಬರದ್ರ ಅಂಗಡಿಗೆ ಬಂದು ಬಡೀತಾರ."

"ಹಂಗಾರ ಅವರನ್ನ ಕೇಳು. ನಿಮ್ಮ ಫೋಟೊದಾಗ ಏನೈತಿ, ನೀವ ಬರದು ಕಳಸ್ರಿ ಅಂತ."

ಮಲ್ಲೇಶ ಹಾಗೇ ಎಲ್ಲರಿಗೂ ಮೆಸೇಜು ಹಾಕಿದ. ಬಳಗದ ಹುಡುಗರದು ಸುಲಭ ಎಂದು ತಾನೇ ಬರೆದ.

ಎಡವಟ್ಟಾದದ್ದು ಅಲ್ಲೇ. ಒಂದು ಬೆಳಿಗ್ಗೆ ನಾನೂ ಅವನೂ ಲಿಂಗಸುಗೂರಿನ ಬಸ್ಸಿನಲ್ಲಿದ್ದೆವು. ಗ್ಯಾನಪ್ಪಣ್ಣ ಫೋನು ಕಿವಿಗೆ ಹಿಡಿದು ಹೊಸ ಪೇಜನ್ನು ಓದುತ್ತಿದ್ದ. ಸಾಸಿವೆ ಸಿಡಿಯುತ್ತಿತ್ತು. ಇದ್ದಕ್ಕಿದ್ದಂತೆ ಎದ್ದು ನಿಂತು, "ಬುಲೆಟ್?" ಎಂದು ಕೂಗಿದ. ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕಿದ.

"ಏನಾತಣ್ಣ?"

ಅವನು ವೇಗ ಇಳಿಸಿ ನನಗೆ ಕೇಳಿಸಿದ. ಅದು ಅವನದೇ ಬಯೋಡಾಟಾ. "ಚಿತ್ರ: ಕಪ್ಪು ಕನ್ನಡಕ ಹಾಕಿಕೊಂಡು ಬುಲೆಟ್ ಮೇಲೆ ಕುಳಿತ ವರ. ಹಿಂದೆ ಕಾಶ್ಮೀರ." ಅದರ ಕೆಳಗೆ ಓದು, ನೌಕರಿ, ಎತ್ತರ ಎಲ್ಲ ಇತ್ತು. ಕಣ್ಣು ಕಾಣುವುದಿಲ್ಲ ಎಂಬ ಮಾತು ಎಲ್ಲಿಯೂ ಇರಲಿಲ್ಲ.

"ನಾ ಯಾವಾಗ ಬುಲೆಟ್ ತಗೊಂಡೆ? ಮಾವ ಫೋಟೊ ತಗಸಾಕ ಕರಕೊಂಡು ಹೋದಾಗ ಆ ಮಲ್ಲ್ಯಾ ನನ್ನ ಸ್ಟೂಲ್ ಮ್ಯಾಲ ಕುಂದ್ರಿಸಿ, ಅಣ್ಣಾ ಎರಡೂ ಕೈ ಮುಂದ ಚಾಚು ಅಂದಿದ್ದ. ಯಾಕಂತ ಈಗ ತಿಳೀತು!"

ಕಂಡಕ್ಟರ್ ನಾಸೀರ್‌ಗೆ ಇಷ್ಟು ಸಿಕ್ಕರೆ ಸಾಕಲ್ಲ. "ಬುಲೆಟ್ ಇಟಗೊಂಡು ನಮ್ಮ ಬಸ್ಸಿಗೆ ಯಾಕ ಬರ್ತೀರಿ ಗ್ಯಾನಪ್ಪ? ಪೆಟ್ರೋಲ್ ತುಟ್ಟಿ ಆತೇನು?" ಬಸ್ಸೆಲ್ಲ ನಕ್ಕಿತು. ಗ್ಯಾನಪ್ಪಣ್ಣನೂ ನಕ್ಕ. ಆದರೆ ಇಳಿಯುವಾಗ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದ: "ಇಷ್ಟು ದಿನ ಊರೆಲ್ಲಾ ಇದನ್ನ ನೋಡೈತಿ. ನನಗೊಬ್ಬನಿಗೆ ಗೊತ್ತಿರಲಿಲ್ಲ."

ಅವತ್ತೇ ಅವನು ತನ್ನ ಬಯೋಡಾಟಾವನ್ನು ತಾನೇ ಬರೆದು ಮಲ್ಲೇಶನಿಗೆ ಕಳಿಸಿದ. "ನನಗೆ ಕಣ್ಣು ಕಾಣುವುದಿಲ್ಲ. ಬುಲೆಟ್ ಇಲ್ಲ, ಬಸ್ ಪಾಸ್ ಇದೆ. ಅನ್ನ, ಚಹಾ, ಹೆಸರುಬೇಳೆ ಸಾರು ಮಾಡುತ್ತೇನೆ. ಜೋಳದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೇನೆ. ತಂಗಿ ಅವನ್ನು ನೋಡಿ ನಗುತ್ತಾಳೆ, ಆದರೆ ತಿನ್ನುತ್ತಾಳೆ." ಆ ತಂಗಿ ನಾನೇ. ಫೋಟೊ ಕೂಡ ಬದಲಾಯಿತು. ಅಂಗಡಿಯ ಸ್ಟೂಲು ಸ್ಟೂಲಾಗಿಯೇ ಉಳಿಯಿತು.

ಎರಡೇ ದಿನಕ್ಕೆ ಮಿಲ್ಲಿನವರು ಮಾವನಿಗೆ ಫೋನ್ ಮಾಡಿ ಸಂಬಂಧ ಬೇಡ ಎಂದರು. ಬಿಸಿಲಿಗೆ ಅವನ ಕಣ್ಣು ತಡೆಯುವುದಿಲ್ಲ, ಅದಕ್ಕೇ ಕನ್ನಡಕ ಎಂದು ಮಾವ ಅವರಿಗೆ ಹೇಳಿದ್ದನಂತೆ. ಮಾವ ಬಂದು ಕಟ್ಟೆಯ ಮೇಲೆ ಧಡ್ ಎಂದು ಕೂತ.

"ಸಮಾಧಾನ ಆತೇನಲೇ? ಈಗ ಕುಂತು ಓದಿಕೋ. ಯಾರು ಬರ್ತಾರ ನೋಡ್ತೀನಿ. ನಿನ್ನ ಸಲುವಾಗಿ ಸುಳ್ಳು ಹೇಳಿ ನನ್ನ ನಾಲಿಗಿ ಸವದೈತಿ."

"ನನ್ನ ಸಲುವಾಗಿ ಸವಸಬ್ಯಾಡ ಮಾವಾ. ಮದಿವಿ ಆಗಿ ಬಂದಾಕಿ ಮರುದಿನ ಬುಲೆಟ್ ಎಲ್ಲಿ ಅಂದ್ರ ಏನು ತೋರಸಬೇಕಿತ್ತು, ಸ್ಟೂಲ್?"

ಮಾವನಿಗೆ ನಗು ಬಂತು. ಆದರೆ ತಡೆದುಕೊಂಡು ಎದ್ದು ಹೋದ. ಆಮೇಲೆ ನಿಜವಾಗಿಯೂ ಒಬ್ಬರೂ ಫೋನ್ ಮಾಡಲಿಲ್ಲ. ಕಾರಹುಣ್ಣಿಮೆ ಹತ್ತಿರ ಬಂತು. ಮಾವ ಇನ್ನೊಂದು ಮನೆಯ ಮಾತು ತೆಗೆಯತೊಡಗಿದ, ಅದೂ ಕಾಲುವೆಯ ಪಕ್ಕದ್ದೇ. ಗ್ಯಾನಪ್ಪಣ್ಣ ಮಿರ್ಚಿ ತಿನ್ನುವುದನ್ನೂ ಮರೆತು ಸೀದಾ ಮನೆಗೆ ಬರತೊಡಗಿದ. ನನಗೆ ಹೆದರಿಕೆಯಾದದ್ದು ಆಗ.

ಅಷ್ಟರಲ್ಲಿ ಒಂದು ಸಂಜೆ ಅವನು ಅಂಗಳದಿಂದ ಕೂಗಿದ. "ಸುಕನ್ಯಾ, ಓಡಿ ಬಾ ಬೇ!"

ಹೋದೆ. ಅವನು ಫೋನಿನ ವೇಗ ಇಳಿಸಿ ಹಿಡಿದಿದ್ದ. ಜವಳಗೇರಾದ ಒಂದು ಬಯೋಡಾಟಾ. ಹೆಸರು ಮಹೇಶ್ವರಿ, ಬಸ್ ಸ್ಟ್ಯಾಂಡ್ ಹತ್ತಿರ ಟೇಲರಿಂಗ್ ಅಂಗಡಿ. ಆಮೇಲೆ ಫೋನು ಓದಿತು:

"ಚಿತ್ರ: ಸ್ಟುಡಿಯೋದಲ್ಲಿ ನಿಂತಿದ್ದೇನೆ. ಹಿಂದೆ ಇರುವ ಜಲಪಾತ ನಮ್ಮೂರಿನದಲ್ಲ, ಪರದೆಯದು. ಸೀರೆ ಅಕ್ಕನದು. ಸರ ಅತ್ತಿಗೆಯದು, ಫೋಟೊ ಮುಗಿದ ಕೂಡಲೇ ಬಿಚ್ಚಿಕೊಂಡಳು. ಮುಖ ಇಷ್ಟು ಬೆಳ್ಳಗಿಲ್ಲ, ಸ್ಟುಡಿಯೋದವರು ತೊಳೆದಿದ್ದಾರೆ. ರವಿಕೆ ಮಾತ್ರ ನಾನೇ ಹೊಲಿದದ್ದು. ಎಡಗೈ ತೋಳು ಸ್ವಲ್ಪ ಬಿಗಿಯಾಗಿದೆ, ಅದಕ್ಕೇ ಕೈ ಹಿಂದೆ ಇಟ್ಟುಕೊಂಡಿದ್ದೇನೆ."

ಮುಗಿಯುವ ಮೊದಲೇ ಗ್ಯಾನಪ್ಪಣ್ಣ ಮತ್ತೆ ಮೊದಲಿಂದ ಹಚ್ಚಿದ. ಆಮೇಲೆ ಇನ್ನೊಂದು ಸಲ. ಅವನ ಮುಖ ಹೇಗಿತ್ತು ಎಂದು ನಾನು ಹೇಳುವುದಿಲ್ಲ, ಮದುವೆಯಲ್ಲಿ ನೀವೇ ಕಾಡಿಸುತ್ತೀರಿ.

ಮಾವ ಬಂದು ತನ್ನ ಫೋನಿನಲ್ಲಿ ಅದೇ ಪೇಜು ತೆಗೆದ. "ಇದನ್ನ ನಾ ಎಂದೋ ನೋಡಿ ಬಿಟ್ಟೀನಿ. ಹೊಲ ಹೇಳ್ಕೊಳ್ಳುವಂಥಾದ್ದಿಲ್ಲ. ಅಕಿ ಅದೇನೋ ಬರದಾಳ ಅಂತೀರಲ್ಲ, ಎಲ್ಲೈತಿ? ನನಗೇನೂ ಕಾಣವಲ್ದು."

"ನಿನಗ ಕಾಣಂಗಿಲ್ಲ ಮಾವಾ. ಅದನ್ನ ನಮ್ಮಂಥವರಿಗೆ ಬರದಾಳ."

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಜಲಪಾತದ ಮುಂದೆ ಬೆಳ್ಳಗೆ ನಿಂತ ಹುಡುಗಿ ಕಂಡಳೇ ಹೊರತು ಬೇರೇನೂ ಕಾಣಲಿಲ್ಲ. ಗ್ಯಾನಪ್ಪಣ್ಣನ ಫೋನಿನ ಬಳಿ ಕಿವಿ ತಂದು ಪೂರ್ತಿ ಕೇಳಿದ ಮೇಲೆ, "ಬಾಯಿ ಜೋರೈತಿ ಹುಡುಗಿದು" ಅಂದ. ಆದರೆ ಬೇಡ ಅನ್ನಲಿಲ್ಲ, ಮಾತು ಕೊಟ್ಟಿದ್ದನಲ್ಲ.

ಆ ಬಟನ್ನಿಗೆ ಈಗ 'ಕನ್ಯಾ ಕಡೆಯವರಿಗೆ ಫೋನ್ ಮಾಡಿ' ಎಂದು ಹೆಸರಿತ್ತು. ಗ್ಯಾನಪ್ಪಣ್ಣ ತಾನೇ ಒತ್ತಿದ.

ಜವಳಗೇರಾಕ್ಕೆ ಹೋದದ್ದು ನಾವು ಮೂವರು, ಜೊತೆಗೆ ತಾನಾಗಿಯೇ ಬಂದ ಮಲ್ಲೇಶ. ಮಹೇಶ್ವರಿಯ ಅಪ್ಪ ಅಯ್ಯಪ್ಪನವರು ಚಾಪೆ ಹಾಸಿ ಕೂರಿಸಿದರು. ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಮಿರ್ಚಿ ಬಂತು. ಅವಳ ಅವ್ವ ಬಾಗಿಲ ಹತ್ತಿರ ಸೆರಗು ಬಾಯಿಗೆ ಹಿಡಿದು ನಿಂತಿದ್ದರು, ಅವರಿಗೆ ಮನಸ್ಸಿಲ್ಲ ಅನ್ನೋದು ನನಗೆ ಕಾಣುತ್ತಿತ್ತು. ಅಯ್ಯಪ್ಪನವರು ಸುತ್ತು ಬಳಸಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ್ರಿ ತಮ್ಮಾ. ಕಣ್ಣಿಲ್ಲದ ಮನಶಾ ಮನಿ ಹೆಂಗ ನಡಸ್ತಾನ ಅಂತ ನಮ್ಮಾಕಿ ಕೇಳಾಕತ್ತಾಳ."

"ಬರೋಬ್ಬರಿ ಕೇಳ್ಯಾರ್ರಿ. ಪಗಾರ ಐತಿ, ಅಡಗಿ ಬರ್ತೈತಿ, ಒಬ್ಬನ ಓಡ್ಯಾಡ್ತೀನಿ. ಹೊಸಾ ಜಾಗಾದಾಗ ಮೊದಲ್ನೇ ಸಲ ಯಾರರ ತೋರಸಬೇಕು. ಜ್ವಾಳದಾಗಿನ ಕಲ್ಲು-ಹಳ್ಳ ಆರಸಾಕ ಹೇಳಬ್ಯಾಡ್ರಿ, ಅದೊಂದು ಬರಂಗಿಲ್ಲ. ಇಷ್ಟ ನೋಡ್ರಿ ನಾನು."

ಒಳಗಿನಿಂದ ಮಹೇಶ್ವರಿ ಬಂದು ಕೂತಳು. ಕನ್ಯಾ ನೋಡಲು ಹೋದ ಕಡೆ ವರನ ಕಡೆಯವರು ಪ್ರಶ್ನೆ ಕೇಳುವುದು ರೂಢಿ. ಮಾವ ಗಂಟಲು ಸರಿ ಮಾಡಿಕೊಂಡ. ಅಷ್ಟರಲ್ಲಿ ಅವಳೇ ಕೇಳಿದಳು.

"ಬುಲೆಟ್ ಎಲ್ಲಿ ಬಿಟ್ಟು ಬಂದೀರಿ?"

ಮಾವ ಚಾವಣಿ ನೋಡಿದ. ಮಲ್ಲೇಶ ಮಿರ್ಚಿ ನೋಡಿದ.

"ಅದನ್ನ ಮಲ್ಲೇಶ ವಾಪಸ್ ತಗೊಂಡ್ನರಿ," ಅಂದ ಗ್ಯಾನಪ್ಪಣ್ಣ. "ನಿಮ್ಮ ಜಲಪಾತ ಇನ್ನೂ ಹರೀತೈತೇನ್ರಿ?"

"ಇಲ್ರಿ, ಈಗ ಹಿಮದ ಗುಡ್ಡ ಹಾಕ್ಯಾರ. ಈ ಬಿಸಲಾಗ ಮಂದಿಗೆ ಅದ ಬೇಕಂತ."

ಮನೆಯೆಲ್ಲ ನಕ್ಕಿತು, ಬಾಗಿಲ ಹತ್ತಿರದ ಸೆರಗು ಕೂಡ ಅಲುಗಿತು. ಮಹೇಶ್ವರಿ ಹೇಳಿದಳು: "ಬುಲೆಟ್ ಫೋಟೊ ನಾ ಮೊದಲ ನೋಡಿದ್ನಿರೀ. ಯಾರೋ ಶೋಕಿ ಮನಶಾ ಅಂತ ಬಿಟ್ಟುಬಿಟ್ಟಿದ್ದೆ. ಆಮ್ಯಾಲ ಬಸ್ ಪಾಸಿಂದು ಓದಿ, ಯಾರಿದು ಅಂತ ತಿರುಗಿ ನೋಡಿದೆ."

ಗ್ಯಾನಪ್ಪಣ್ಣ ಅವಳು ಬರೆದದ್ದನ್ನು ಎಲ್ಲರಿಗೂ ಕೇಳಿಸಲೆಂದು ಫೋನು ತೆಗೆದ. ಗಡಿಬಿಡಿಯಲ್ಲಿ ವೇಗ ಇಳಿಸುವುದನ್ನು ಮರೆತ. ಸಾಸಿವೆ ಸಿಡಿಯಿತು. ಮಹೇಶ್ವರಿ ಹುಬ್ಬು ಗಂಟಿಕ್ಕಿ ಕೇಳಿದಳು.

"ಇದೇನು, ನನ್ನ ಹೊಲಿಗಿ ಮಷೀನ್‌ಕಿಂತ ಜೋರ್ ಓಡಾಕತ್ತೈತಿ! ಒಂದು ಮಾತ್ ಹೇಳ್ತೀನ್ರಿ. ನಾ ಬಂದ ಮನ್ಯಾಗ ಇದು ನಿಧಾನ ಮಾತಾಡಬೇಕು. ಗಂಡ ಏನ್ ಓದಾಕತ್ತಾನ ಅಂತ ಹೆಂಡ್ತಿಗೂ ತಿಳೀಬೇಕು."

'ಬಂದರೆ' ಎಂದಳೇ, 'ಬಂದ' ಎಂದಳೇ ಎಂದು ನಾವು ಬಸ್ಸಿನಲ್ಲಿ ವಾಪಸ್ಸು ಬರುವಷ್ಟೂ ದಾರಿ ವಾದ ಮಾಡಿದೆವು. ಏಕೆಂದರೆ ಅಯ್ಯಪ್ಪನವರು ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದಷ್ಟೇ ಹೇಳಿ ಕಳಿಸಿದ್ದರು. ಗ್ಯಾನಪ್ಪಣ್ಣ ವಾದಕ್ಕೆ ಬರಲಿಲ್ಲ, ಕಿಟಕಿಗೆ ಮುಖ ಕೊಟ್ಟು ಕೂತಿದ್ದ.

ಉತ್ತರ ಕಾರಹುಣ್ಣಿಮೆಯ ಹಿಂದಿನ ದಿನ ಬಂತು. ಒಂದು ಫೋಟೊ. ಕೆಳಗೆ ಮಹೇಶ್ವರಿ ಬರೆದಿದ್ದಳು. ಗ್ಯಾನಪ್ಪಣ್ಣ ಮಾವನನ್ನೂ ನನ್ನನ್ನೂ ಕೂರಿಸಿಕೊಂಡು, ವೇಗವನ್ನು ಪೂರಾ ಇಳಿಸಿ, ಫೋನನ್ನು ನಡುವೆ ಇಟ್ಟ. ಅದು ಒಂದೊಂದೇ ಮಾತು ಬಿಡಿಸಿ ಓದಿತು:

"ಫೋಟೊದಲ್ಲಿ ನಮ್ಮ ಮನೆ ಕಟ್ಟೆ ಇದೆ. ಅಪ್ಪ ನಗುತ್ತಿದ್ದಾನೆ. ಅವ್ವನ ಕಣ್ಣಲ್ಲಿ ನೀರಿದೆ, ಆದರೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಳೆ, ತಪ್ಪು ತಿಳಿಯಬೇಡಿ. ಪಕ್ಕದ ಹಗ್ಗದ ಮೇಲೆ ಹಸಿರು ರವಿಕೆ ಒಣಗುತ್ತಿದೆ, ಈ ಸಲ ತೋಳು ಸಡಿಲ ಇಟ್ಟು ಹೊಲಿದಿದ್ದೇನೆ, ಮದುವೆಗೆ ಆಗುತ್ತದೆ. ನಿಮ್ಮ ಮಾವನವರನ್ನು ಮಾತಿಗೆ ಕಳಿಸಿ. ಹೊಲದ ಬಗ್ಗೆ ಕೇಳಬಾರದು ಎಂದು ಹೇಳಿ ಕಳಿಸಿ."

ಮಾವ ಫೋನಿನ ಹತ್ತಿರ ಸರಿದು, "ಇನ್ನೊಮ್ಮೆ ಹಚ್ಚಲೇ" ಅಂದ.

ಗ್ಯಾನಪ್ಪಣ್ಣ ಇನ್ನೊಮ್ಮೆ ಹಚ್ಚಿದ. ಅವತ್ತಿನಿಂದ ಅವನ ಫೋನು ನಿಧಾನವಾಗಿಯೇ ಮಾತಾಡುತ್ತಿದೆ. ಲಿಂಗಸುಗೂರಿನ ಬಸ್ಸಿನಲ್ಲಿ ಅವಳ ಮೆಸೇಜು ಬಂದರೆ ಈಗ ನಾಸೀರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳುತ್ತಾನೆ.

ನನ್ನ ಬಸ್ಸು ಬಂತು. ಮಿರ್ಚಿ ಪೊಟ್ಟಣ ಹಿಡಿದುಕೊಂಡು ಗ್ಯಾನಪ್ಪಣ್ಣ ಆಗಲೇ ಹತ್ತಿ, ನನಗೂ ಸೀಟು ಹಿಡಿದಿದ್ದಾನೆ. ಮಲ್ಲೇಶನ ಅಂಗಡಿಗೆ ಹೊರಟಿದ್ದೇವೆ, ಲಗ್ನಪತ್ರಿಕೆಯನ್ನು ಅವನು ಮತ್ತೆ ಚಿತ್ರದಲ್ಲೇ ಮಾಡಿಟ್ಟಿದ್ದಾನಂತೆ.